ಚೌಡಿಯ ಬೋರ್ಡು, ಸೀಸದ ತಗಡು: ಪೇಗನ್ ಧರ್ಮಗಳನ್ನು ಓದುವ ಬಗೆ

ಸಾಗರದಿಂದ ಹೊಸನಗರದ ಕಡೆಗೋ ಸೊರಬದ ಕಡೆಗೋ ಹೊರಟರೆ ಅಡಿಕೆ ತೋಟದ ಬೇಲಿಗೆ, ಅರ್ಧ ಕಟ್ಟಿದ ಮನೆಯ ಗೋಡೆಗೆ, ಒಮ್ಮೊಮ್ಮೆ ಪಂಪ್‌ಸೆಟ್ಟಿನ ಶೆಡ್ಡಿಗೂ ಒಂದು ಸಣ್ಣ ಬೋರ್ಡು ಹೊಡೆದಿರುವುದು ಕಾಣುತ್ತದೆ. ಈ ಜಾಗಕ್ಕೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂಬುದು ಅದರ ಸಾರ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕದ್ದವನನ್ನು ಪೊಲೀಸರಿಗಿಂತ ಮೊದಲು ಅಮ್ಮ ವಿಚಾರಿಸಿಕೊಳ್ಳುತ್ತಾಳೆ.

ಇಂಗ್ಲೆಂಡಿನ ಬಾತ್ ಎಂಬ ಊರಿನಲ್ಲಿ ಬಿಸಿನೀರಿನ ಬುಗ್ಗೆಯೊಂದಿದೆ. 1979–80ರಲ್ಲಿ ಅದರ ತಳ ಅಗೆದಾಗ ಸೀಸ ಮತ್ತು ತವರದ ತೆಳು ತಗಡುಗಳು ಸಿಕ್ಕವು. ಇವತ್ತು ಅವುಗಳ ಲೆಕ್ಕ ಸುಮಾರು 130. ರೋಮನರ ಆಳ್ವಿಕೆಯಲ್ಲಿ, ಕ್ರಿ.ಶ. 2ರಿಂದ 4ನೇ ಶತಮಾನದ ನಡುವೆ, ಅಲ್ಲಿನ ಸುಲಿಸ್ ಮಿನರ್ವಾ ದೇವಿಗೆ ಜನ ಬರೆದ ದೂರುಗಳು ಅವು. ಬಹುಪಾಲು ಕಳವಿನವು. ಡೊಕಿಮೆಡಿಸ್ ಎಂಬವನ ಒಂದು ಜೊತೆ ಕೈಗವಸು ಹೋಗಿದೆ. ಕದ್ದವರ ಬುದ್ಧಿಯೂ ಕಣ್ಣೂ ದೇವಿಯ ಗುಡಿಯಲ್ಲೇ ಹೋಗಲಿ ಎಂದು ಬೇಡಿಕೊಂಡಿದ್ದಾನೆ. ಕಳ್ಳ ಯಾರೆಂದು ಗೊತ್ತಿಲ್ಲದವರು ಯಾರೂ ನುಣುಚಿಕೊಳ್ಳಬಾರದೆಂದು ಗಂಡಾಗಲಿ ಹೆಣ್ಣಾಗಲಿ, ಗುಲಾಮನಾಗಲಿ ಸ್ವತಂತ್ರನಾಗಲಿ ಎಂದು ಸೇರಿಸುತ್ತಿದ್ದರು. ನಮ್ಮ ಕಡೆಯ ಕ್ರಯಪತ್ರದ ಒಕ್ಕಣೆಯ ಹಾಗೆ, ಸಂದುಗೊಂದು ಬಿಡದ ಭಾಷೆ.

ಎರಡನ್ನೂ ನೋಡಿದವರಿಗೆ 'ಅರೆ, ಒಂದೇ!' ಅನಿಸುವುದು ಸಹಜ. ಪೇಗನ್ ಧರ್ಮಗಳ (ಯುರೋಪಿನ ಕ್ರೈಸ್ತಪೂರ್ವ ದೇವರಾಧನೆಗಳು ಮತ್ತು ಅವುಗಳ ಹೆಸರಲ್ಲಿ ಈಚೆಗೆ ಹುಟ್ಟಿದ ಹೊಸ ಧರ್ಮಗಳು) ಶಾಸ್ತ್ರೀಯ ಅಧ್ಯಯನ ಶುರುವಾಗುವುದು ಆ ಉದ್ಗಾರದ ಮುಂದಿನ ಹೆಜ್ಜೆಯಿಂದ. ಬಾತ್‌ನ ತಗಡುಗಳಲ್ಲಿ ಬಹಳಷ್ಟನ್ನು ಸುರುಳಿ ಸುತ್ತಿಯೋ ಮಡಚಿಯೋ ನೀರಿಗೆ ಎಸೆದಿದ್ದರು. ಓದಬೇಕಾದವಳು ದೇವಿ ಒಬ್ಬಳೇ. ಚೌಡಿಯ ಬೋರ್ಡಿನ ಓದುಗ ಕಳ್ಳ. ತಗಡು ಕಳವಾದ ಮೇಲಿನದು, ಬೋರ್ಡು ಕಳವಿಗೆ ಮೊದಲಿನದು. ಹಾಗಾದರೆ ತಗಡಿಗೆ ಸರಿಸಾಟಿಯಾಗಿ ಇಡಬೇಕಾದ್ದು ಬೋರ್ಡನ್ನಲ್ಲ, ಗೊನೆಯೋ ದನವೋ ಹೋದಮೇಲೆ ಗುಡಿಗೆ ನಡೆದು 'ನೀನೇ ನೋಡಿಕೋ ತಾಯಿ' ಎಂದು ಒಪ್ಪಿಸಿ ಬರುವ ದೂರನ್ನು. ಅದು ಬಾಯಿಮಾತು, ಗಾಳಿಗೆ ಹೋಗುತ್ತದೆ. ಸಾವಿರದ ಎಂಟುನೂರು ವರ್ಷದ ನಂತರ ಅಗೆಯುವವನಿಗೆ ಸಿಗುವುದಿಲ್ಲ. ಬಾತ್‌ನಲ್ಲೂ ಮರದ ಹಲಗೆಯ ಎಚ್ಚರಿಕೆಗಳು ಇದ್ದಿರಬಹುದು. ಇದ್ದಿದ್ದರೆ ಕೊಳೆತವು, ಸೀಸ ಉಳಿಯಿತು. ಉಳಿದದ್ದನ್ನೇ ಇಡೀ ಧರ್ಮವೆಂದು ಓದಿಬಿಡುವುದು ಈ ಕ್ಷೇತ್ರದ ಮೊದಲ ಗುಂಡಿ.

ಸುಲಿಸ್ ಮಿನರ್ವಾ ಎಂಬ ಜೋಡಿ ಹೆಸರನ್ನೂ ಗಮನಿಸಿ. ಸುಲಿಸ್ ಆ ಬುಗ್ಗೆಯ ಸ್ಥಳೀಯ ದೇವತೆ, ಮಿನರ್ವಾ ರೋಮಿನವಳು. ಪರದೇವರನ್ನು ತಮ್ಮ ದೇವರ ಹೆಸರಿಂದ ಗುರುತಿಸುವ ಈ ಪದ್ಧತಿಗೆ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕೊಟ್ಟ ಹೆಸರು 'ರೋಮನ್ ಅರ್ಥೈಸುವಿಕೆ'. ಬನದ ಚೌಡಿ ಗುಡಿಯ ಚೌಡೇಶ್ವರಿಯಾಗಿ, ಅಲ್ಲಿಂದ ದುರ್ಗೆಯಾಗುವ ದಾರಿ ನಮಗೆ ಗೊತ್ತಿರುವುದೇ. ಕೊಡವರ ಬಗ್ಗೆ ಬರೆದ 1952ರ ಪುಸ್ತಕದಲ್ಲಿ ಎಂ.ಎನ್. ಶ್ರೀನಿವಾಸ್ ಇಂಥ ಚಲನೆಯನ್ನು ಸಂಸ್ಕೃತೀಕರಣ ಎಂದು ಕರೆದರು. ಹೋಲಿಕೆ ಇದೆ, ಆದರೆ ಬಾತ್‌ನಲ್ಲಿ ಹೊಸ ಹೆಸರು ಬಂದದ್ದು ಗೆದ್ದು ಬಂದ ಸಾಮ್ರಾಜ್ಯದ ಜೊತೆಗೆ. ಇಲ್ಲಿ ಬಹುಮಟ್ಟಿಗೆ ಒಕ್ಕಲಾದವರೇ ಮುಂದೆ ನಿಂತು ಹೆಸರು ಏರಿಸಿದರು. ಕಾರಣ ಬೇರೆಯಾದರೆ ಫಲವೂ ಬೇರೆ.

ಇನ್ನು 'ಪೇಗನ್' ಎಂಬ ಮಾತು. ಲ್ಯಾಟಿನ್ನಿನ ಪಾಗುಸ್ ಎಂದರೆ ಹಳ್ಳಿಸೀಮೆ, ಪಾಗಾನುಸ್ ಅಂದರೆ ಹಳ್ಳಿಯವ. ಸೈನಿಕರ ಬಾಯಲ್ಲಿ ಅದಕ್ಕೆ 'ಸೈನಿಕನಲ್ಲದವ' ಎಂಬ ಅರ್ಥವೂ ಇತ್ತು. 4ನೇ ಶತಮಾನದಲ್ಲಿ ಕ್ರೈಸ್ತರು ಕ್ರೈಸ್ತರಲ್ಲದವರಿಗೆಲ್ಲ ಈ ಹೆಸರಿಟ್ಟರು. ಪಟ್ಟಣ ಮತಾಂತರವಾದ ಮೇಲೂ ಹಳೆಯ ದೇವರನ್ನು ಬಿಡದ ಹಳ್ಳಿಗ ಎಂಬ ಅರ್ಥದಲ್ಲೋ, ಕ್ರಿಸ್ತನ ಸೈನ್ಯಕ್ಕೆ ಸೇರದವ ಎಂಬ ಅರ್ಥದಲ್ಲೋ ಎಂಬ ವಾದ ಇನ್ನೂ ಮುಗಿದಿಲ್ಲ. ಜ್ಯೂಪಿಟರನಿಗೆ ಹೋರಿ ಕೊಡುತ್ತಿದ್ದವನು ತನ್ನನ್ನು ಪೇಗನ್ ಎಂದುಕೊಂಡಿರಲಿಲ್ಲ ಎಂಬುದಂತೂ ಖಚಿತ. ಅವನ ಮಟ್ಟಿಗೆ ಅದು ಮನೆತನದ ನಡೆ, ಊರಿನ ಕಟ್ಟಳೆ. ಅದನ್ನೊಂದು 'ಧರ್ಮ' ಎಂದು ಮೂಟೆ ಕಟ್ಟಿದವರು ಅದನ್ನು ಬೇಡವೆಂದವರು.

ನಮ್ಮಲ್ಲಿ ಇದರ ಜೋಡಿ ಪದ ಬೇಕಾದರೆ ದೂರ ಹೋಗಬೇಕಿಲ್ಲ. 'ಕ್ಷುದ್ರದೇವತೆ.' ಭೂತಪ್ಪ, ಚೌಡಿ, ಜಟ್ಟಿಗ, ಮಾಸ್ತಿ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವ ಈ ಮಾತನ್ನು ಆ ದೈವಗಳಿಗೆ ನಡೆದುಕೊಳ್ಳುವವರು ಬಳಸುವುದಿಲ್ಲ. ಘಟ್ಟದ ಕೆಳಗೂ ಹೀಗೇ ಆಯಿತು. ಬ್ರಿಟಿಷ್ ಅಧಿಕಾರಿ ಎ.ಸಿ. ಬರ್ನೆಲ್ ಬಿಟ್ಟುಹೋದ ಪಾಡ್ದನಗಳ (ತುಳು ದೈವಗಳ ಹಾಡುಕಥೆಗಳ) ಸಂಗ್ರಹ 1890ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚಾದಾಗ ತಲೆಬರಹದಲ್ಲಿದ್ದದ್ದು ತುಳುವರ ಪಿಶಾಚಪೂಜೆ ಎಂಬ ಅರ್ಥದ ಮಾತು. ಸಂಗ್ರಹ ಅಮೂಲ್ಯ, ತಲೆಬರಹ ಅನ್ಯಾಯ. ಹಳೆಯ ಆಕರಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ, ಬೈಗುಳ ಕಂಡೊಡನೆ ಎಸೆದರೆ ಕಾಳೂ ಹೋಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ತೊಡಕು ಹೆಚ್ಚುವರಿಯಾಗಿ ಬರುತ್ತದೆ. ಇಂಗ್ಲಿಷಿನ ವಿದ್ವಾಂಸರು 20ನೇ ಶತಮಾನದಲ್ಲಿ ಹುಟ್ಟಿದ, ತಮ್ಮನ್ನು ತಾವೇ ಪೇಗನ್ ಎಂದುಕೊಳ್ಳುವ ಧರ್ಮಗಳಿಗೆ ದೊಡ್ಡ ಅಕ್ಷರ, ಪ್ರಾಚೀನಕ್ಕೆ ಸಣ್ಣ ಅಕ್ಷರ ಹಾಕುವ ರೂಢಿ ಇಟ್ಟುಕೊಂಡಿದ್ದಾರೆ. ಕನ್ನಡ ಲಿಪಿಗೆ ದೊಡ್ಡಕ್ಷರವಿಲ್ಲ. ಆದ್ದರಿಂದ 'ಪ್ರಾಚೀನ ಪೇಗನ್', 'ಹೊಸ ಪೇಗನ್' ಎಂದು ಪ್ರತಿ ಸಲವೂ ಬಿಡಿಸಿ ಹೇಳುವುದೇ ಕ್ಷೇಮ. 'ಮೂರ್ತಿಪೂಜಕ' ಎಂದು ಅನುವಾದಿಸಿದರೆ ತಪ್ಪು, ಮೂರ್ತಿಯೇ ಇಲ್ಲದ ಎಷ್ಟೋ ಪದ್ಧತಿಗಳಿವೆ. 'ಪ್ರಕೃತಿ ಆರಾಧಕ' ಎಂಬುದು ಹೊಸ ಪೇಗನರಲ್ಲಿ ಕೆಲವರಿಗೆ ಒಪ್ಪುತ್ತದೆ, ಆದರೆ ಪೌರಸಭೆಯ ಕಟ್ಟಡದಲ್ಲಿ ಚಕ್ರವರ್ತಿಗೆ ಧೂಪ ಹಾಕುತ್ತಿದ್ದ ರೋಮನನಿಗೆ ಒಪ್ಪುವುದಿಲ್ಲ.

ಪ್ರಾಚೀನದ ಬಗ್ಗೆ ಕೆಲಸ ಮಾಡುವವರು ಆಕರವೊಂದು ಸಿಕ್ಕಾಗ ಅಡಿಕೆ ವ್ಯಾಪಾರಿ ಮಾಲು ನೋಡುವ ಹಾಗೆ ದರ್ಜೆ ಕಟ್ಟುತ್ತಾರೆ. ನಡೆದುಕೊಂಡವರ ಕೈಯದೇ ವಸ್ತು (ಹರಕೆಯ ಕಲ್ಲು, ತಗಡು, ಬಲಿಯ ಎಲುಬು) ಮೊದಲ ದರ್ಜೆ. ಅದೇ ಕಾಲದ ಹೊರಗಿನವರ ಬರಹ ಎರಡನೆಯದು. ಕ್ರಿ.ಶ. 98ರಲ್ಲಿ ಜರ್ಮಾನಿಯದ ಜನರ ಬಗ್ಗೆ ಬರೆದ ಟ್ಯಾಸಿಟಸ್ ಈ ಸಾಲಿನವನು. ಅವನು ಆ ನಾಡನ್ನು ಕಣ್ಣಾರೆ ಕಂಡಿದ್ದಕ್ಕೆ ಪುರಾವೆ ಇಲ್ಲ, ರೋಮನರಿಗೆ ನಾಚಿಕೆಯಾಗಲಿ ಎಂಬ ಉದ್ದೇಶವೂ ಬರಹದ ಒಳಗಿದೆ. ಮತ ಬದಲಾದ ಮೇಲೆ ಬರೆದದ್ದು ಮೂರನೆಯದು. ಉತ್ತರ ಯುರೋಪಿನ ಹಳೆಯ ದೇವರಾದ ಥೋರ್, ಓಡಿನ್ ಕಥೆಗಳಿಗೆ ನಾವು ಹೆಚ್ಚಾಗಿ ನಂಬಿರುವ ಐಸ್‌ಲ್ಯಾಂಡಿನ ಸ್ನೋರಿ ಸ್ಟರ್ಲುಸನ್ ಬರೆದದ್ದು ಸುಮಾರು 1220ರಲ್ಲಿ. ಐಸ್‌ಲ್ಯಾಂಡ್ ಕ್ರೈಸ್ತವಾದದ್ದು 1000ದ ಹೊತ್ತಿಗೆ. ನಡುವೆ ಇನ್ನೂರು ವರ್ಷಕ್ಕೂ ಮಿಕ್ಕಿ ಅಂತರ, ಮತ್ತು ಸ್ನೋರಿ ಸ್ವತಃ ಕ್ರೈಸ್ತ. ನೂರಾರು ವರ್ಷದ ನಂತರ ಯಾರೋ ಸಂಗ್ರಹಿಸಿದ ಜನಪದ ಕಥೆ ಕೊನೆಯ ದರ್ಜೆ. ಸಿಪ್ಪೆಗೋಟು ಎಂದು ಬಿಸಾಡುವುದಿಲ್ಲ, ಹಾಗೆಂದು ರಾಶಿ ಅಡಿಕೆಯ ಬೆಲೆಯನ್ನೂ ಕೊಡುವುದಿಲ್ಲ.

ದರ್ಜೆ ಕಟ್ಟದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪ್ರತಿವರ್ಷ ಈಸ್ಟರ್ ಹೊತ್ತಿಗೆ ವಾಟ್ಸ್‌ಆಪಿನಲ್ಲಿ ಬರುವ ಸಂದೇಶವೇ ಸಾಕು: ಈಸ್ಟರ್ ಎಂಬುದು ಪೇಗನ್ ದೇವತೆಯ ಹಬ್ಬ, ಮೊಟ್ಟೆ ಮೊಲ ಅವಳ ಲಾಂಛನ. ಎಯೋಸ್ಟ್ರೆ ಎಂಬ ದೇವತೆಯ ಹೆಸರು ಬರುವುದು ಬೀಡ್ ಎಂಬ ಸನ್ಯಾಸಿ 725ರಲ್ಲಿ ಕಾಲಗಣನೆ ಕುರಿತು ಬರೆದ ಗ್ರಂಥದಲ್ಲಿ. ತಿಂಗಳೊಂದಕ್ಕೆ ಆ ಹೆಸರು ಹೇಗೆ ಬಂತು ಎಂದು ಹೇಳುವಾಗಿನ ಒಂದೆರಡು ವಾಕ್ಯ, ಅಷ್ಟೇ. ಅಲ್ಲಿ ಮೊಟ್ಟೆಯಿಲ್ಲ, ಮೊಲವಿಲ್ಲ. ಬೀಡ್ ಅವಳನ್ನು ಊಹೆಯಿಂದ ಸೃಷ್ಟಿಸಿದ ಎಂದು ಕೆಲವರು ತಳ್ಳಿಹಾಕಿದ್ದರು. 1958ರಲ್ಲಿ ಜರ್ಮನಿಯ ಮೋರ್ಕೆನ್-ಹಾರ್ಫ್‌ನಲ್ಲಿ ಎಯೋಸ್ಟ್ರೆಗೆ ಹತ್ತಿರದ ಹೆಸರಿನ ತಾಯಿದೇವತೆಗಳಿಗೆ ಬರೆಸಿದ 150ಕ್ಕೂ ಹೆಚ್ಚು ರೋಮನ್ ಕಾಲದ ಹರಕೆ ಶಾಸನಗಳು ಸಿಕ್ಕ ಮೇಲೆ ದೇವತೆ ಇದ್ದಿರಬಹುದು ಎಂಬ ಕಡೆಗೆ ತಕ್ಕಡಿ ತುಸು ವಾಲಿತು. ಮೊಲಕ್ಕೆ ಮಾತ್ರ ಇನ್ನೂ ಪುರಾವೆ ಇಲ್ಲ. ಹೀಗೆ ಒಂದೇ ಹೇಳಿಕೆಯ ಒಂದು ತುಂಡು ಗಟ್ಟಿ, ಇನ್ನೊಂದು ಜೊಳ್ಳು ಆಗಿರುತ್ತದೆ.

ಮಲೆನಾಡಿನ ಓದುಗರಿಗೆ ಇದೆಲ್ಲಕ್ಕಿಂತ ಹತ್ತಿರದ ಆಕರ 11ನೇ ಶತಮಾನದ ಒಂದು ಇಂಗ್ಲಿಷ್ ಹಸ್ತಪ್ರತಿಯಲ್ಲಿದೆ. ಹೆಸರು 'ಏಕರ್‌ಬೋಟ್', ಎಂದರೆ ಹೊಲಕ್ಕೆ ಮದ್ದು. ಬೆಳೆ ಕೈಕೊಟ್ಟ ಅಥವಾ ಯಾರೋ ಮಾಟ ಮಾಡಿದ ಹೊಲಕ್ಕೆ ಹೀಗೆ ಮಾಡಬೇಕು. ಬೆಳಗಾಗುವ ಮೊದಲು ಹೊಲದ ನಾಲ್ಕು ಕಡೆಯಿಂದ ನಾಲ್ಕು ಹುಲ್ಲುಹೆಂಟೆ ಕೀಳಬೇಕು, ಯಾವುದು ಎಲ್ಲಿತ್ತೆಂದು ಗುರುತಿಟ್ಟುಕೊಳ್ಳಬೇಕು. ಎಣ್ಣೆ, ಜೇನು, ಹುದುಗು, ಆ ನೆಲದ ಎಲ್ಲ ದನಗಳ ಹಾಲು, ಗಟ್ಟಿ ಜಾತಿಯ ಮರ ಬಿಟ್ಟು ಉಳಿದೆಲ್ಲ ಮರಗಳ ಚೂರು, ಹೆಸರಿರುವ ಗಿಡಮೂಲಿಕೆಗಳ ಚೂರು ಸೇರಿಸಿ, ಮೇಲೆ ಪವಿತ್ರಜಲ ಹಾಕಿ ಹೆಂಟೆಯ ಅಡಿಗೆ ಮೂರು ಸಲ ತೊಟ್ಟಿಕ್ಕಿಸಬೇಕು. ಆಮೇಲೆ ಅವನ್ನು ಚರ್ಚಿಗೆ ಒಯ್ದು, ಹಸಿರು ಬದಿ ಪೀಠದ ಕಡೆಗಿರಿಸಿ, ಪಾದ್ರಿಯಿಂದ ನಾಲ್ಕು ಪೂಜೆ ಹಾಡಿಸಿ, ಸೂರ್ಯ ಮುಳುಗುವ ಮೊದಲು ಇದ್ದಲ್ಲೇ ಇಡಬೇಕು. ಭಿಕ್ಷುಕರಿಂದ ಗುರುತಿಲ್ಲದ ಬೀಜ ಪಡೆದು ಅದರ ಇಮ್ಮಡಿ ಕೊಡಬೇಕು. ನೇಗಿಲು ಹೂಡುವಾಗ 'ಎರ್ಕೆ, ಎರ್ಕೆ, ಎರ್ಕೆ, ಭೂಮಿಯ ತಾಯಿ' ಎಂದು ಕರೆಯಬೇಕು. ಕೊನೆಗೆ ಎಲ್ಲ ಬಗೆಯ ಹಿಟ್ಟು ಸೇರಿಸಿ ಹಾಲು, ಪವಿತ್ರಜಲದಲ್ಲಿ ನಾದಿದ ರೊಟ್ಟಿಯನ್ನು ಮೊದಲ ಉಳುಮೆಸಾಲಿನಡಿ ಇಡಬೇಕು.

ಓದುತ್ತಿದ್ದಂತೆ ಭೂಮಿ ಹುಣ್ಣಿಮೆ ನೆನಪಾಗದಿದ್ದರೆ ಆಶ್ಚರ್ಯ. ಆಶ್ವಿಜದ ಹುಣ್ಣಿಮೆ, ಗದ್ದೆಯಲ್ಲಿ ಭತ್ತ ಗರ್ಭ ಕಟ್ಟಿರುತ್ತದೆ, ಬಸಿರಿ ಭೂಮಿಗೆ ಬಯಕೆಯೂಟ. ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ದೀವರ ಹೆಂಗಸರು ಬರೆದ ಭೂಮಣ್ಣಿ ಬುಟ್ಟಿ. ರಾತ್ರಿಯಿಡೀ ಅಡುಗೆ, ಹತ್ತಾರು ಬಗೆಯ ಸೊಪ್ಪು-ಕುಡಿ ಬೇಯಿಸಿದ ಹಚ್ಚಂಬಲಿ, ಕಡುಬು. ನಸುಕಿಗೆ ಗದ್ದೆಗೆ ಹೋಗಿ ಪೂಜೆ, ಕಾಗೆಗೆ ಎಡೆ, ಹಚ್ಚಂಬಲಿ ಬೀರುವುದು, ಕಡುಬನ್ನು ಮಣ್ಣಿನಲ್ಲಿ ಹೂಳುವುದು.

ಏಕರ್‌ಬೋಟನ್ನು 19ನೇ ಶತಮಾನದ ಪಂಡಿತರು ಅಡಿಕೆ ಸುಲಿಯುವ ಹಾಗೆ ಸುಲಿದರು. ಚರ್ಚು, ಪಾದ್ರಿ, ಲ್ಯಾಟಿನ್ ಪ್ರಾರ್ಥನೆ ಎಲ್ಲ ಮೇಲಿನ ಸಿಪ್ಪೆ, ತೆಗೆದರೆ ಒಳಗೆ ಪೇಗನ್ ಭೂದೇವಿಯ ಗೋಟು ಸಿಗುತ್ತದೆ ಎಂಬ ನಂಬಿಕೆ. ಅವರ ಹಿಂದೆ ಮಾನವಶಾಸ್ತ್ರಜ್ಞ ಇ.ಬಿ. ಟೈಲರ್ 1871ರಲ್ಲಿ ಮುಂದಿಟ್ಟ 'ಉಳಿಕೆ'ಗಳ ಸಿದ್ಧಾಂತ ಇತ್ತು: ಹಳೆಯ ನಂಬಿಕೆ ಸತ್ತರೂ ಆಚರಣೆ ಅರ್ಥ ಕಳೆದುಕೊಂಡು ಉಳಿದಿರುತ್ತದೆ ಎಂಬುದು. ಈಗಿನ ವಿದ್ವಾಂಸರಲ್ಲಿ ಹೆಚ್ಚಿನವರು ಈ ಸುಲಿಯುವಿಕೆಯನ್ನು ಒಪ್ಪುವುದಿಲ್ಲ. ಅದನ್ನು ಬರೆದವನು, ಮಾಡಿಸಿದವನು, ಮಾಡಿದವನು ಎಲ್ಲರೂ ಕ್ರೈಸ್ತರು. ಅವರಿಗೆ ಪಾದ್ರಿಯ ಪೂಜೆಯೂ ಎರ್ಕೆಯ ಕೂಗೂ ಒಂದೇ ಕೆಲಸದ ಎರಡು ಕೈ. ಚೊಗರಿನಲ್ಲಿ ಬೇಯಿಸಿದ ಅಡಿಕೆಯಿಂದ ಬಣ್ಣವನ್ನು ಸುಲಿದು ತೆಗೆಯಲಾಗುವುದಿಲ್ಲ. ಎರ್ಕೆ ಎಂಬುದು ಒಂದು ದೇವತೆಯ ಹೆಸರೇ ಎಂಬುದೂ ತೀರ್ಮಾನವಾಗಿಲ್ಲ, ಆ ಪದ ಬೇರೆಲ್ಲೂ ಸಿಗುವುದಿಲ್ಲ. ಭೂಮಿ ಹುಣ್ಣಿಮೆಯನ್ನು 'ವೈದಿಕಪೂರ್ವ ಮಾತೃದೇವತೆಯ ಆರಾಧನೆ' ಎಂದು ಒಂದೇ ಏಟಿಗೆ ಬರೆದುಬಿಡುವ ನಮ್ಮ ಲೇಖನಗಳು ಅದೇ ಹಳೆಯ ಮೆಟ್ಟುಗತ್ತಿಯ ಮುಂದೆ ಕುಳಿತಿವೆ. ಹಬ್ಬ ಪುರಾತನವಾಗಿರಬಹುದು. ಅದನ್ನು ಹೇಳಲು ತೇದಿಯಿರುವ ಪುರಾವೆ ಬೇಕು, ಹಬ್ಬದ ಸೊಗಸು ಪುರಾವೆಯಾಗುವುದಿಲ್ಲ.

ಹೊಸ ಪೇಗನ್ ಧರ್ಮಗಳ ಕಥೆಗೂ ಈ ಸುಲಿಯುವಿಕೆಗೂ ನೇರ ನಂಟಿದೆ. ಮಾರ್ಗರೆಟ್ ಮರ್ರೆ ಎಂಬ ಈಜಿಪ್ಟ್ ತಜ್ಞೆ 1921ರಲ್ಲಿ, ಯುರೋಪಿನಲ್ಲಿ ಮಾಟಗಾತಿಯರೆಂಬ ಆರೋಪಕ್ಕೆ ಸಿಕ್ಕಿ ಸುಡಲ್ಪಟ್ಟವರು ನಿಜಕ್ಕೂ ಗುಪ್ತವಾಗಿ ಉಳಿದಿದ್ದ ಪ್ರಾಚೀನ ಧರ್ಮವೊಂದರ ಅನುಯಾಯಿಗಳು ಎಂದು ವಾದಿಸಿದರು. ಚಿತ್ರಹಿಂಸೆಯಲ್ಲಿ ಹೇಳಿಸಿದ ತಪ್ಪೊಪ್ಪಿಗೆಗಳನ್ನು ಅವರು ವರದಿಗಳಂತೆ ಓದಿದ್ದರು, ಅನುಕೂಲವಲ್ಲದ ಸಾಲುಗಳನ್ನು ಬಿಟ್ಟಿದ್ದರು. ಇತಿಹಾಸಕಾರರು ಈಗ ಆ ವಾದವನ್ನು ಕೈಬಿಟ್ಟಿದ್ದಾರೆ. ಆದರೆ ಮಲಯಾದಲ್ಲಿ ಸುಂಕದ ಅಧಿಕಾರಿಯಾಗಿ ನಿವೃತ್ತರಾದ ಜೆರಾಲ್ಡ್ ಗಾರ್ಡ್ನರ್, ಬ್ರಿಟನ್ನಿನ ಮಾಟ ನಿಷೇಧದ ಹಳೆಯ ಕಾಯ್ದೆ 1951ರಲ್ಲಿ ರದ್ದಾದ ಮೇಲೆ, 1954ರಲ್ಲಿ ಆ ಗುಪ್ತ ಧರ್ಮದವರ ಒಂದು ಕೂಟ ತನಗೆ ಸಿಕ್ಕಿದೆ ಎಂದು ಪುಸ್ತಕ ಬರೆದರು. ಮುನ್ನುಡಿ ಮರ್ರೆಯವರದೇ! ಅದೇ ಇಂದಿನ ವಿಕ್ಕಾ. ವರ್ಷಕ್ಕೆ ಎಂಟು ಹಬ್ಬಗಳ ಅವರ 'ವರ್ಷಚಕ್ರ' ಅನಾದಿಯಂತೆ ಕಂಡರೂ ಆ ಎಂಟೂ ಒಂದೇ ಪಂಚಾಂಗದಲ್ಲಿ ಸೇರಿದ್ದು 1950ರ ದಶಕದಲ್ಲಿ. ಅದಕ್ಕೆ ಮೊದಲು ಅವೆಲ್ಲವನ್ನೂ ಆಚರಿಸಿದ ಒಂದೇ ಜನಾಂಗ ಇತಿಹಾಸದಲ್ಲಿ ಸಿಕ್ಕಿಲ್ಲ. ಮಾಟದ ಆರೋಪದಲ್ಲಿ 90 ಲಕ್ಷ ಜನ ಸತ್ತರು ಎಂಬ ಲೆಕ್ಕವೂ ಹೀಗೇ. 18ನೇ ಶತಮಾನದಲ್ಲಿ ಒಂದು ಜರ್ಮನ್ ಊರಿನ ಅಂಕಿಯನ್ನು ಇಡೀ ಯುರೋಪಿಗೆ ಗುಣಿಸಿದ್ದರಿಂದ ಬಂತು. ದಾಖಲೆ ನೋಡಿದ ಇತಿಹಾಸಕಾರರ ಈಗಿನ ಅಂದಾಜು 40ರಿಂದ 60 ಸಾವಿರ. ಅದೇನು ಕಡಿಮೆಯೇ?

1999ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ರೊನಾಲ್ಡ್ ಹಟನ್ ಈ ಬೇರುಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ತೋರಿಸಿದರು. ಸ್ವಾರಸ್ಯ ಇರುವುದು ಮುಂದೆ. ವಿಕ್ಕಾದವರಲ್ಲಿ ಹಲವರು ಸಿಟ್ಟಾದರೂ ಬಹಳಷ್ಟು ಜನ ಆ ಇತಿಹಾಸವನ್ನು ಒಪ್ಪಿ, ತಮ್ಮದು ಹೊಸ ಧರ್ಮ ಎಂದೇ ಮುಂದುವರಿದರು. ಹಟನ್ ಕೂಡ ಅದನ್ನು ಸುಳ್ಳೆಂದು ಕರೆಯಲಿಲ್ಲ, ಇಂಗ್ಲೆಂಡ್ ಜಗತ್ತಿಗೆ ಕೊಟ್ಟ ಏಕೈಕ ಧರ್ಮ ಎಂದರು. ಪುರಾತನವಾದರೆ ಮಾತ್ರ ನಿಜ ಎಂಬ ಅಳತೆಗೋಲು ನಮ್ಮಲ್ಲಿ ಎಷ್ಟು ಗಟ್ಟಿ ಎಂದರೆ, ಸ್ಥಳಪುರಾಣ ಇಲ್ಲದ ಗುಡಿಗೆ ನಾಲ್ಕು ವರ್ಷದಲ್ಲಿ ಒಂದು ಸ್ಥಳಪುರಾಣ ಹುಟ್ಟಿಕೊಳ್ಳುತ್ತದೆ.

ಎಣಿಕೆಯ ಮಾತು. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಸುಮಾರು 74,000 ಜನ ಧರ್ಮದ ಕಲಮಿನಲ್ಲಿ ಪೇಗನ್ ಎಂದೂ 13,000 ಜನ ವಿಕ್ಕಾ ಎಂದೂ ಬರೆದರು. ಥೋರ್, ಓಡಿನ್‌ರಂಥ ಹಳೆಯ ದೇವರನ್ನು ಆರಾಧಿಸುವ ಐಸ್‌ಲ್ಯಾಂಡಿನ ಆಸಾತ್ರು ಸಂಘ 1972ರಲ್ಲಿ ಹುಟ್ಟಿ ಮರುವರ್ಷವೇ ಸರ್ಕಾರಿ ಮಾನ್ಯತೆ ಪಡೆಯಿತು. ಅಲ್ಲಿನ ಕ್ರೈಸ್ತಪೂರ್ವ ದೇವರನ್ನು ಪೂಜಿಸುವ ಲಿಥುವೇನಿಯದ ರೊಮುವಾ ಪಂಗಡಕ್ಕೆ ಅಷ್ಟು ಸುಲಭವಾಗಲಿಲ್ಲ. ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2021ರಲ್ಲಿ ಅವರ ಪರ ತೀರ್ಪು ಕೊಟ್ಟ ಮೇಲೂ ಸಂಸತ್ತಿನ ಮಾನ್ಯತೆ ಬಂದದ್ದು 2024ರ ಕೊನೆಗೆ. ನಮ್ಮ ದೇಶದ 2011ರ ಜನಗಣತಿಯಲ್ಲಿ 49 ಲಕ್ಷಕ್ಕೂ ಹೆಚ್ಚು ಆದಿವಾಸಿಗಳು ತಮ್ಮ ಧರ್ಮ 'ಸರ್ನಾ' ಎಂದು ಬರೆಸಿದರು. ಮಲೆನಾಡಿನಲ್ಲಿ ಚೌಡಿಗೆ ಕೋಳಿ ಕೊಡುವವರು, ಭೂತನ ಕಟ್ಟೆಗೆ ಕಾಯಿ ಒಡೆಯುವವರು ಹಿಂದೂ ಎಂದೇ ಬರೆಸುತ್ತಾರೆ. ಮೈಕೆಲ್ ಯಾರ್ಕ್ ಎಂಬ ವಿದ್ವಾಂಸರು 2003ರಲ್ಲಿ ಇಂಥ ಜನಪದ ಆಚರಣೆಗಳನ್ನೂ ಸೇರಿಸಿ 'ಪೇಗನ್' ಎಂಬುದನ್ನು ಜಾಗತಿಕ ವರ್ಗವಾಗಿ ಹಿಗ್ಗಿಸಿದ್ದರು. ಕೇಳಲು ಚೆನ್ನ. ಆದರೆ ತಮ್ಮನ್ನು ಹಾಗೆ ಕರೆದುಕೊಳ್ಳದವರಿಗೆ, ಅದೂ ಬೈಗುಳವಾಗಿ ಹುಟ್ಟಿದ ಹೆಸರನ್ನು ಅಂಟಿಸಿದರೆ ಬರ್ನೆಲ್‌ನ ತಲೆಬರಹಕ್ಕೆ ಹೊಸ ಸುಣ್ಣ ಹೊಡೆದಂತೆ. ಹೋಲಿಸಬಹುದು, ಸೇರಿಸಬಾರದು.

ಒಳಗಿನವರೇ ಅಧ್ಯಯನ ಮಾಡಿದರೆ ಏನಾಗುತ್ತದೆ ಎಂಬ ಜಗಳ ಈ ಕ್ಷೇತ್ರದಲ್ಲಿ ಜೋರು. ಡ್ಯಾನಿಶ್ ವಿದ್ವಾಂಸ ಮಾರ್ಕುಸ್ ಡೇವಿಡ್ಸನ್ 2012ರಲ್ಲಿ, ಪೇಗನ್ ಅಧ್ಯಯನದವರಲ್ಲಿ ಹೆಚ್ಚಿನವರು ಸ್ವತಃ ಪೇಗನರಾದ್ದರಿಂದ ಶೋಧನೆ ಹೋಗಿ ಸಮರ್ಥನೆ ಉಳಿದಿದೆ ಎಂದು ನೇರವಾಗಿ ಟೀಕಿಸಿದರು. ಹೊರಗಿನವರಾಗಿ ಒಳಹೊಕ್ಕ ಮಾನವಶಾಸ್ತ್ರಜ್ಞೆ ತಾನ್ಯಾ ಲುರ್ಮನ್ 1980ರ ದಶಕದಲ್ಲಿ ಲಂಡನ್ನಿನ ಕೂಟಗಳಲ್ಲಿ ತಾವೇ ದೀಕ್ಷೆ ಪಡೆದು, ಓದಿದ ಮಧ್ಯಮವರ್ಗದವರು ಮಂತ್ರವನ್ನು ನಂಬುವುದು ಹೇಗೆ ಎಂದು ನೋಡಿದ್ದರು. ಯಾರೂ ಒಂದೇ ದಿನ ನಂಬುವುದಿಲ್ಲ, ಅಭ್ಯಾಸ ಮಾಡುತ್ತಾ ಮಾಡುತ್ತಾ ಘಟನೆಗಳನ್ನು ಗಮನಿಸುವ ಕ್ರಮವೇ ನಿಧಾನ ಜಾರುತ್ತದೆ ಎಂಬುದು ಅವರ ಕಾಣ್ಕೆ. ಪಾತ್ರಿಯ ಮೈಮೇಲೆ ಬರುವುದನ್ನು 'ಮೂಢನಂಬಿಕೆ' ಅಥವಾ 'ಪವಾಡ' ಎಂಬ ಎರಡೇ ಡಬ್ಬಿಗಳಲ್ಲಿ ಹಾಕುವ ನಮ್ಮ ಚರ್ಚೆಗೆ ಇದು ಮೂರನೆಯ ದಾರಿ ಕೊಡುತ್ತದೆ.

ಊರಲ್ಲೇ ಇಂಥದ್ದನ್ನು ದಾಖಲಿಸ ಹೊರಡುವವರಿಗೆ ಹೇಳಬೇಕಾದ್ದು. ನೋಟ್‌ಬುಕ್ಕಿನ ಪುಟವನ್ನು ಮೂರು ಭಾಗ ಮಾಡಿಕೊಳ್ಳಿ: ಕಂಡದ್ದು, ಅವರು ಹೇಳಿದ್ದು, ನಾವು ಊಹಿಸಿದ್ದು. ಸಂಜೆಯ ಹೊತ್ತಿಗೆ ಈ ಮೂರೂ ತಲೆಯಲ್ಲಿ ಕಲಸಿಹೋಗುತ್ತವೆ, ಅಲ್ಲೇ ಬರೆಯದಿದ್ದರೆ ಬೇರ್ಪಡಿಸಲಾಗದು. ತಿಥಿಯನ್ನೂ ಇಂಗ್ಲಿಷ್ ತಾರೀಖನ್ನೂ ಬರೆಯಿರಿ. ಎಷ್ಟು ಎಡೆ, ಯಾವ ದಿಕ್ಕಿಗೆ, ಯಾವ ಮನೆಯವರಿಗೆ ಮೊದಲ ಪ್ರಸಾದ, ಯಾರು ದೂರ ನಿಂತಿದ್ದರು ಎಂಬುದು ಮಂತ್ರಕ್ಕಿಂತ ಹೆಚ್ಚು ಹೇಳುತ್ತದೆ. 'ಇದು ಎಷ್ಟು ಹಳೆಯದು?' ಎಂದು ಕೇಳಬೇಡಿ, 'ಅಜ್ಜನ ಕಾಲದಿಂದ' ಎಂಬ ಉತ್ತರ ಮೊದಲೇ ಸಿದ್ಧ. 'ನಿಮಗೆ ನೆನಪಿರುವ ಹಾಗೆ ಏನು ಬದಲಾಗಿದೆ?' ಎಂದರೆ ಮಾತು ತಾನಾಗಿ ಬಿಚ್ಚುತ್ತದೆ.

ಸದ್ದಿನ ಸಾಮ್ಯ, ಋತುವಿನ ಸಾಮ್ಯ ನೋಡಿ ಮೋಸಹೋಗುವುದು ಸುಲಭ. ದೀಪಾವಳಿಯ ರಾತ್ರಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಂಟಿಗೆ-ಪಂಟಿಗೆಯವರು ಜ್ಯೋತಿ ಹಿಡಿದು ಮನೆಮನೆಗೆ ಹಾಡುತ್ತಾ ಬರುತ್ತಾರೆ. ಸರಿಸುಮಾರು ಅದೇ ಹೊತ್ತಿಗೆ ಐರ್ಲೆಂಡಿನಲ್ಲಿ ಸೌಇನ್ ಹಬ್ಬ, ಅಲ್ಲೂ ದೀಪ, ಅಲ್ಲೂ ಮನೆಮನೆ ಸುತ್ತುವ ಗುಂಪು. ಎರಡಕ್ಕೂ ಒಂದೇ ಮೂಲ ಎಂದು ಬರೆದರೆ ಲೇಖನ ಓಡುತ್ತದೆ, ಆದರೆ ಒಂದರಿಂದ ಇನ್ನೊಂದಕ್ಕೆ ಹೋದ ದಾರಿ ತೋರಿಸಲಾಗದು. ಸುಗ್ಗಿ ಹತ್ತಿರ ಬಂದು ಕತ್ತಲು ಬೇಗ ಇಳಿಯುವ ಕಾಲದಲ್ಲಿ ದೀಪ ಹಿಡಿದು ನೆರೆಮನೆಗೆ ಹೋಗಲು ಮನುಷ್ಯರಿಗೆ ಪಾಠ ಬೇಕಿಲ್ಲ. ಮಾರಿ–ಮೇರಿ ತರಹದ ಹೆಸರಾಟವಂತೂ ಬೇಡವೇ ಬೇಡ.

ಕ್ಯಾಮೆರಾದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಕರ್ನಾಟಕದಲ್ಲಿ 1959ರಿಂದ ಪ್ರಾಣಿಬಲಿ ನಿಷೇಧದ ಕಾಯ್ದೆಯಿದೆ. ಬನದಲ್ಲಿ ತೆಗೆದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹೋಗಿ ಯಾರದೋ ಮೇಲೆ ಕೇಸಾಗಬಹುದು, ಆಮೇಲೆ ಆ ಊರಿನಲ್ಲಿ ಇನ್ನೊಬ್ಬ ಅಧ್ಯಯನಕಾರನಿಗೂ ಯಾರೂ ಬಾಯಿ ಬಿಡುವುದಿಲ್ಲ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ 1986ರಲ್ಲಿ ಬೆತ್ತಲೆ ಸೇವೆಯ ಸುತ್ತ ನಡೆದ ಘರ್ಷಣೆಯ ನೆನಪು ಈ ಭಾಗದಲ್ಲಿ ಇನ್ನೂ ಮಾಸಿಲ್ಲ, ಹೊರಗಿನಿಂದ ಬಂದ ಕ್ಯಾಮೆರಾ ಎಂದರೆ ಅನುಮಾನ ಮೊದಲು. ಆದ್ದರಿಂದ ಪೂಜೆ ಮಾಡುವವರನ್ನೂ ಊರಿನ ಹಿರಿಯರನ್ನೂ ಹಿಂದಿನ ದಿನವೇ ಕೇಳಿ, ಬೇಡವೆಂದ ಭಾಗವನ್ನು ಕೈಬರಹದಲ್ಲಷ್ಟೇ ಉಳಿಸಿ, ಹೆಸರು ಬದಲಿಸಿ. ಹಬ್ಬ ಮುಗಿದ ಮೇಲೆ ಇನ್ನೊಮ್ಮೆ ಹೋಗಿ ಅದೇ ಪ್ರಶ್ನೆಯನ್ನು ಅಡುಗೆಮನೆಯಲ್ಲಿ ಕೇಳಬೇಕು. ಅತ್ತೆ ಹೇಳಿದ್ದಕ್ಕೂ ಸೊಸೆ ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಎರಡನ್ನೂ ಹಾಗೆಯೇ ಬರೆದಿಡಿ, ಸರಾಸರಿ ತೆಗೆಯಬೇಡಿ.